ಅತ್ತೆಯ ಮರ್ಕ್ಯುರಿಗೆ ಗೇರಿನ ಕೋಲು

ಜುಲೈ ತಿಂಗಳ ಒಂದು ಮಧ್ಯಾಹ್ನ ನಮ್ಮತ್ತೆ ಊರಿನಿಂದ ಮನೆಯವರೆಗೂ ಎರಡನೇ ಗೇರಿನಲ್ಲೇ ಟ್ರಕ್ಕು ಓಡಿಸಿಕೊಂಡು ಬಂದರು. ಹೆದ್ದಾರಿಯಲ್ಲಿ ಅವರ ಹಿಂದೆ ವಾಹನಗಳು ಮದುವೆ ದಿಬ್ಬಣದ ಹಾಗೆ ಸಾಲು ಹಿಡಿದಿದ್ದವು ಎಂದು ಪಕ್ಕದ ಜಮೀನಿನವರು ಆಮೇಲೆ ಹೇಳಿದರು. ನಾನು ಅಂಗಳದಲ್ಲಿ ಬಟ್ಟೆ ಒಣಹಾಕುತ್ತಿದ್ದೆ. ಇಂಜಿನ್ನಿನ ಗೋಳು ದೂರದಿಂದಲೇ ಕೇಳಿಸಿತು. ಟ್ರಕ್ಕು ಬಂದು ನಿಂತಿತು, ಅತ್ತೆ ಇಳಿದರು. ಎಡಗೈಯಲ್ಲಿ ಉಪ್ಪಿನಕಾಯಿ ಜಾಡಿಯ ಮುಚ್ಚಳಗಳ ಚೀಲ, ಅದೇ ಕೈಯಲ್ಲಿ ಗೇರಿನ ಕೋಲು.

"ಕೈಗೇ ಬಂದ್ಬಿಡ್ತು," ಎಂದರು. "ರೈಲು ಗೇಟಿನ ಹತ್ರ. ಪುಣ್ಯಕ್ಕೆ ಎರಡರಲ್ಲಿತ್ತು. ಮೂರರಲ್ಲಿ ಇದ್ದಿದ್ರೆ ನಿಲ್ಸಿ ಹೊರಡ್ಸೋದು ಕಷ್ಟ ಆಗ್ತಿತ್ತು."

"ಒಂದು ಫೋನ್ ಮಾಡ್ಬಾರದಿತ್ತಾ ಅತ್ತೆ?"

"ಮಾಡಿದ್ರೆ ನೀನು ಬಂದು ಟ್ರಕ್ಕನ್ನ ಎಳ್ಕೊಂಡ್ ಬರ್ತಿದ್ಯಾ? ಓಡ್ತಾ ಇತ್ತು, ಬಂದೆ."

ನಮ್ಮತ್ತೆ ಪರಾಸ್ಕಾಗೆ ಆಗ ಎಪ್ಪತ್ತಾರು. ಐದಡಿಯೂ ಇಲ್ಲದ ಹೆಂಗಸು. ಸೀಟಿನ ಮೇಲೆ ಮಡಿಸಿದ ಕಂಬಳಿ ಹಾಕಿಕೊಂಡು ಕೂತರೇ ರಸ್ತೆ ಕಾಣುವುದು. ಅವರ ಟ್ರಕ್ಕು ಅರವತ್ತಾರನೇ ಇಸವಿಯ ಹಸಿರು ಮರ್ಕ್ಯುರಿ ಪಿಕಪ್ಪು. ಅದರ ಗೇರಿನ ಕೋಲು ನೆಲದಿಂದ ಎದ್ದದ್ದಲ್ಲ, ಸ್ಟಿಯರಿಂಗ್ ಚಕ್ರದ ಕೆಳಗಿನ ಕಂಬದಿಂದ ಬಲಕ್ಕೆ ಚಾಚಿಕೊಂಡದ್ದು. ತನ್ನತ್ತ ಎಳೆದು ಕೆಳಗೆ ತಂದರೆ ಒಂದು, ಆಚೆ ತಳ್ಳಿ ಮೇಲಕ್ಕೆತ್ತಿದರೆ ಎರಡು, ಅಲ್ಲಿಂದ ನೇರ ಕೆಳಕ್ಕೆ ಮೂರು. ಮಾವ ವಸೀಲ್ ತೀರಿಕೊಂಡು ಎಷ್ಟೋ ವರ್ಷವಾಗಿತ್ತು. ಮನೆಯಲ್ಲಿ ಎರಡು ಹೊಸ ಟ್ರಕ್ಕುಗಳಿದ್ದವು, ನನ್ನದೊಂದು ಪುಟ್ಟ ಕಾರಿತ್ತು. ಅತ್ತೆ ಮರ್ಕ್ಯುರಿ ಬಿಟ್ಟು ಬೇರೆ ಯಾವುದನ್ನೂ ಮುಟ್ಟಿದವರಲ್ಲ. ಮರ್ಕ್ಯುರಿಯನ್ನು ಬೇರೆ ಯಾರೂ ಮುಟ್ಟುವಂತೆಯೂ ಇರಲಿಲ್ಲ.

ಆ ಟ್ರಕ್ಕಿನ ದೊಡ್ಡ ಕೆಲಸವೆಂದರೆ ಕೊಯ್ಲಿನ ಊಟ. ಕೆನಡಾದ ಸಾಸ್ಕಾಚೆವಾನಿನ ನಮ್ಮ ಬಯಲಿನಲ್ಲಿ ಕೊಯ್ಲು ಶುರುವಾದರೆ ಕಂಬೈನು ಯಂತ್ರಗಳು ನಿಲ್ಲುವಂತಿಲ್ಲ, ಗಂಡಸರು ಮನೆಗೆ ಬರುವಂತಿಲ್ಲ. ಎರಡು ಹೊತ್ತಿನ ಊಟ ಹೊಲಕ್ಕೇ ಹೋಗಬೇಕು. ಎಲೆಕೋಸಿನ ಸುರುಳಿ, ಸಬ್ಬಸಿಗೆ ಹಾಕಿದ ಬೀಟ್ರೂಟ್ ಸಾರು, ಬೆಣ್ಣೆಯಲ್ಲಿ ಹೊರಳಾಡುವ ಆಲೂಗಡ್ಡೆ ಕಡುಬು, ಎಲ್ಲವೂ ಬಿಸಿಬಿಸಿಯಾಗಿ. ಇದನ್ನು ಬೇಯಿಸಿ, ಹೊತ್ತು, ಕೊಯ್ದ ಹೊಲದ ಮೇಲೆ ಹಾರಾಡುವ ಟ್ರಕ್ಕಿನಲ್ಲಿ ಒಂದು ಹನಿ ಚೆಲ್ಲದೆ ತಂದು ಬಡಿಸುವುದು ಅತ್ತೆಯ ಪಾಲಿನ ಕೊಯ್ಲು. ನಾನು ಆ ಮನೆಗೆ ಸೊಸೆಯಾಗಿ ಬಂದು ಇಪ್ಪತ್ತನಾಲ್ಕು ವರ್ಷವಾಗಿತ್ತು, ಅವರು ಒಂದು ಹೊತ್ತು ತಪ್ಪಿಸಿದ್ದನ್ನು ಕಂಡಿರಲಿಲ್ಲ.

ಅವತ್ತು ಸಂಜೆ ಊಟದ ಮೇಜಿನ ಮೇಲೆ ಕೋಲು ಬ್ರೆಡ್ಡಿನ ಪಕ್ಕದಲ್ಲೇ ಮಲಗಿತ್ತು. ನನ್ನ ಗಂಡ ನೆಸ್ಟರ್ ಅದನ್ನು ತಿರುಗಿಸಿ ನೋಡಿದ. ಬುಡದಲ್ಲಿ ಚೂಪಾಗಿ ತುಂಡಾಗಿತ್ತು.

"ಅಮ್ಮ, ಸಾಕು ಇನ್ನು," ಎಂದ. "ಟ್ರಕ್ಕಿಗೂ ವಯಸ್ಸಾಯ್ತು, ನಿನಗೂ ಆಯ್ತು. ಹೆದ್ದಾರೀಲಿ ಯಾವನಾದ್ರೂ ಹಿಂದಿನಿಂದ ಬಂದು ಗುದ್ದಿದ್ರೆ ಏನ್ ಗತಿ?"

"ಗುದ್ದಿದ್ರಾ?"

"ಗುದ್ದಲಿಲ್ಲ, ಆದ್ರೆ—"

"ಮತ್ತೇನು. ಸಾರು ತಣ್ಣಗಾಗತ್ತೆ, ತಿನ್ನು."

ನಮ್ಮ ಮಗಳು ಲರಿಸ್ಸಾ ಎಣ್ಣೆ ಕಾರ್ಖಾನೆಯಲ್ಲಿ ಯಂತ್ರ ರಿಪೇರಿ ಮಾಡುವವಳು. ಅವಳು ಕೋಲನ್ನು ಅಪ್ಪನ ಕೈಯಿಂದ ಕಿತ್ತುಕೊಂಡಳು. "ಒಂದು ಕೋಲು ತಾನೆ ಅಪ್ಪ. ದೇಶದ ತುಂಬ ಹಳೇ ಟ್ರಕ್ಕುಗಳಿವೆ. ಹುಡುಕಿದ್ರೆ ಸಿಗತ್ತೆ."

"ಅಜ್ಜಿ ನನ್ನ ಟ್ರಕ್ಕು ಓಡಿಸ್ಲಿ," ಎಂದ ನೆಸ್ಟರ್ ಮಗಳಿಗೆ. "ಅದರಲ್ಲಿ ಗೇರು ಹಾಕೋ ಕೆಲಸವೇ ಇಲ್ಲ."

"ನಿನ್ನ ಟ್ರಕ್ಕಿನ ಮೆಟ್ಟಿಲು ನನ್ನ ಎದೆಮಟ್ಟ ಇದೆ," ಎಂದರು ಅತ್ತೆ. "ಹತ್ತಿಸೋಕೆ ಒಬ್ರು, ಇಳಿಸೋಕೆ ಒಬ್ರು ಬೇಕು. ಆ ಇಬ್ಬರೇ ಊಟ ತಗೊಂಡ್ ಹೋಗ್ಲಿ, ನಾನ್ಯಾಕೆ?"

ವಾದ ಸಿಹಿ ತಿನ್ನುವವರೆಗೂ ನಡೆಯಿತು. ಕೊನೆಗೆ ನೆಸ್ಟರ್ ಚಮಚ ಕೆಳಗಿಟ್ಟು ತೀರ್ಪು ಕೊಟ್ಟ. ಬಾರ್ಲಿ ಹೊಲಕ್ಕೆ ಕಂಬೈನು ಇಳಿಯುವಷ್ಟರಲ್ಲಿ ಕೋಲು ಸಿಕ್ಕಿದರೆ ಅಮ್ಮ ಟ್ರಕ್ಕು ಓಡಿಸಬಹುದು. ಸಿಗದಿದ್ದರೆ ಬೀಗದ ಕೈ ಅವನಿಗೆ ಕೊಡಬೇಕು. ಈ ವರ್ಷಕ್ಕಲ್ಲ, ಪೂರ್ತಿಯಾಗಿ. ಊಟ ಊರಿನ ಹೋಟೆಲಿನಿಂದ ಬರುತ್ತದೆ.

"ಹುಡುಕೋರು ಯಾರು?" ಎಂದರು ಅತ್ತೆ.

"ನಾನೂ ಲರಿಸ್ಸಾನೂ."

"ಹುಡುಕಬೇಕು. ಹುಡುಕೋ ಹಾಗೆ ಮಾಡೋದಲ್ಲ."

"ನಾನೇನು ಅಷ್ಟು ಕಳ್ಳನಾ ಅಮ್ಮ?" ಎಂದು ನೆಸ್ಟರ್ ನಕ್ಕ. ನನ್ನ ಗಂಡ ಹಟಮಾರಿ, ಆದರೆ ಮೋಸಗಾರನಲ್ಲ. ಹುಡುಕುತ್ತೇನೆಂದರೆ ಹುಡುಕುವವನೇ.

ಮಾರನೇ ಬೆಳಿಗ್ಗೆ ಅತ್ತೆ ಕಂಬದಲ್ಲಿ ಉಳಿದಿದ್ದ ಮೋಟಿಗೆ ಕಚ್ಚುವ ಇಕ್ಕಳ ಸಿಕ್ಕಿಸಿ ಅಂಗಳದಲ್ಲಿ ಓಡಿಸುತ್ತಿದ್ದರು. ಒಂದನೇ ಗೇರಿನಲ್ಲಿ ಕೋಳಿಗೂಡಿನವರೆಗೆ ಹೋಗಿ, ಒಂದನೇ ಗೇರಿನಲ್ಲೇ ದೊಡ್ಡ ಸುತ್ತು ಹೊಡೆದು ಬಂದರು. ಎರಡಕ್ಕೆ ಏರಿಸಲೇ ಇಲ್ಲ. ಲರಿಸ್ಸಾ ಮೆಟ್ಟಿಲ ಮೇಲೆ ಕಾಫಿ ಹಿಡಿದು ಕೂತು ನಗುತ್ತಿದ್ದಳು. ನೆಸ್ಟರ್ ಹೋಗಿ ಇಕ್ಕಳ ಬಿಚ್ಚಿಕೊಂಡು ಬಂದ.

"ಅದು ನಮ್ಮಪ್ಪನ ಇಕ್ಕಳ," ಎಂದ.

"ನಿಮ್ಮಪ್ಪನೂ ನನ್ನ ಗಂಡನೇ," ಎಂದರು ಅತ್ತೆ.

ಹುಡುಕಾಟ ಶುರುವಾಯಿತು. ಲರಿಸ್ಸಾ ಫೋನಿನಲ್ಲಿ ಊರೂರಿನ ಹಳೇ ಸಾಮಾನಿನವರನ್ನು ಹಿಡಿದಳು. ನೆಸ್ಟರ್ ಧಾನ್ಯದ ಗೋದಾಮಿನಲ್ಲಿ, ಹರಾಜಿನಲ್ಲಿ, ಪೂಜೆ ಮುಗಿದ ಮೇಲೆ ಚರ್ಚಿನ ಅಂಗಳದಲ್ಲಿ, ಸಿಕ್ಕಿದವರನ್ನೆಲ್ಲ ಕೇಳಿದ. ಮೊದಲ ಕೋಲು ಒಂಟಾರಿಯೊದಿಂದ ಬಂತು. ಪೆಟ್ಟಿಗೆ ಬಿಚ್ಚಿ ಮೇಜಿನ ಮೇಲೆ ಹಳೆಯ ತುಂಡಿನ ಪಕ್ಕ ಇಟ್ಟರು. ನಮ್ಮ ಕೋಲು ಅರ್ಧ ದಾರಿಯಲ್ಲಿ ಮೊಣಕೈ ಮಡಚಿದ ಹಾಗೆ ಕೆಳಕ್ಕೆ ಬಾಗಿತ್ತು. ಬಂದದ್ದು ಹೆಚ್ಚುಕಮ್ಮಿ ನೆಟ್ಟಗಿತ್ತು.

"ಇದಲ್ಲ," ಎಂದ ನೆಸ್ಟರ್. "ಇದು ಫೋರ್ಡಿಂದು. ನಮ್ಮದು ಮರ್ಕ್ಯುರಿ. ಕೆನಡಾದಲ್ಲಿ ಮಾತ್ರ ಮಾರ್ತಿದ್ದದ್ದು. ಅದರ ಕೋಲಿನ ಬಾಗೇ ಬೇರೆ."

"ಬುಡ ಒಂದೇ ಥರ ಇದೆಯಲ್ಲ ಅಪ್ಪ."

"ಬುಡ ಇದ್ದರೆ ಆಯ್ತಾ? ಕೈಲಿರೋ ತುಂಡು ಸುಳ್ಳು ಹೇಳತ್ತಾ?"

ಕೋಲು ಅಂಚೆಯಲ್ಲಿ ವಾಪಸು ಹೋಯಿತು. ಆಲ್ಬರ್ಟಾದಿಂದ ಇನ್ನೊಂದು ಬಂತು, ಮಿನಿಸೋಟಾದಿಂದ ಮತ್ತೊಂದು. ಎರಡೂ ನೆಟ್ಟಗಿದ್ದವು, ಎರಡೂ ವಾಪಸಾದವು. ಮೂರನೆಯದು ಎಷ್ಟು ಚೆಂದವಿತ್ತೆಂದರೆ, ಹೊಳಪಿನಲ್ಲಿ ನನ್ನ ಮುಖ ಕಾಣುತ್ತಿತ್ತು. ಪ್ರತಿಸಲವೂ ಅತ್ತೆ ಬಂದು ಹೊಸ ಕೋಲನ್ನು ಒಂದು ಗಳಿಗೆ ನೋಡಿ, ಒಂದು ಮಾತೂ ಆಡದೆ ಒಲೆಯ ಕಡೆ ಹೋಗುತ್ತಿದ್ದರು. ಎಲ್ಲದಕ್ಕೂ ಬಾಯಿ ಹಾಕುವ ಹೆಂಗಸು ಇದೊಂದಕ್ಕೆ ಯಾಕೆ ಸುಮ್ಮನಿದ್ದಾರೆ ಎಂದು ನನಗೆ ವಿಚಿತ್ರವೆನಿಸಿತು. ದುಃಖದಲ್ಲಿದ್ದಾರೆ ಅಂದುಕೊಂಡೆ.

ಅಷ್ಟರಲ್ಲಿ ಹುಲ್ಲು ಕೊಯ್ಲು ಬಂತು. ಅದು ಸಣ್ಣ ಕೆಲಸ, ಆದರೂ ಗಂಡಸರಿಗೆ ಊಟ ಬೇಕಲ್ಲ. ನಾನು ಶಾಲೆಯ ಅಡುಗೆಮನೆಯಲ್ಲಿ ಕೆಲಸ ಮಾಡುವವಳು, ಬೇಸಿಗೆ ರಜೆಯಲ್ಲಿ ಮನೆಯಲ್ಲೇ ಇರುತ್ತೇನೆ. ಹಾಗಾಗಿ ಊಟ ಒಯ್ಯುವ ಭಾಗ್ಯ ನನ್ನ ಪುಟ್ಟ ಕಾರಿಗೆ ಬಂತು. ಮೊದಲ ದಿನವೇ ಕಾರಿನ ಹೊಟ್ಟೆ ಮಣ್ಣಿನ ದಿಬ್ಬಕ್ಕೆ ಕಚ್ಚಿಕೊಂಡಿತು. ಸಾರು ಹಿಂದಿನ ಸೀಟಿಗೆ ಹೋಯಿತು. ನೆಸ್ಟರ್ ಟ್ರ್ಯಾಕ್ಟರ್ ತಂದು ನನ್ನನ್ನು ಎಳೆದ.

"ಒಣ ಹುಲ್ಲಿನ ಮೇಲೆ ಬಿಸಿ ಹೊಗೆ ಪೈಪು," ಎಂದು ಬಗ್ಗಿ ಕಾರಿನ ಅಡಿ ನೋಡಿದ. "ಹೊಲಕ್ಕೆ ಬೆಂಕಿ ಇಡೋಕೆ ಬಂದೆಯಾ, ಊಟ ಹಾಕೋಕೆ ಬಂದೆಯಾ?"

"ಮೊದಲನೇದು ಆಗಲಿಲ್ಲ, ಎರಡನೇದೂ ಆಗಲಿಲ್ಲ," ಎಂದೆ. "ನಿಮ್ಮಮ್ಮನ್ನ ಕೂರ್ಸಿರೋದು ನೀವು. ಅನುಭವಿಸಿ."

ಮರುದಿನ ಹೋಟೆಲಿನಿಂದ ಡಬ್ಬದಲ್ಲಿ ಕರಿದ ಕೋಳಿ ತರಿಸಿದ. ಸಂಜೆ ಮನೆಗೆ ಬಂದು ಅತ್ತೆ ಮಾಡಿದ್ದ ಕಡುಬಿನ ತಪ್ಪಲೆಯನ್ನು ನೆಸ್ಟರ್ ಒಬ್ಬನೇ ಬರಿದು ಮಾಡಿದ.

ಆಗಸ್ಟ್ ನಡುವಿಗೆ ಬಾರ್ಲಿ ಹಳದಿ ತಿರುಗಿತು. ನೆಸ್ಟರ್ ಹೋಗಿ ತೆನೆ ಹಿಸುಕಿ ನೋಡಿ ಬರತೊಡಗಿದ. ಲರಿಸ್ಸಾಗೆ ಫೋನಿನಲ್ಲಿ ಇನ್ನು ಕೇಳುವವರೇ ಉಳಿದಿರಲಿಲ್ಲ. ಅತ್ತೆ ಒಂದು ಬೆಳಿಗ್ಗೆ ಟ್ರಕ್ಕಿನ ಒಳಗನ್ನು ಒದ್ದೆ ಬಟ್ಟೆಯಲ್ಲಿ ಒರೆಸುತ್ತಿದ್ದರು. ಕೊಟ್ಟುಬಿಡುವ ಮನೆಯನ್ನು ಗುಡಿಸುವವರ ಹಾಗೆ ಮೂಲೆಮೂಲೆಯನ್ನೂ ಒರೆಸುತ್ತಿದ್ದರು. ಅದನ್ನು ನೋಡಿ ನನಗೆ ತಡೆಯಲಾಗಲಿಲ್ಲ. ಹಳೆಯ ತುಂಡನ್ನು ಕೈಚೀಲಕ್ಕೆ ಹಾಕಿಕೊಂಡು ಕಾರು ಹತ್ತಿದೆ. ಬರೀ ಅತ್ತೆಯ ಮೇಲಿನ ಪ್ರೀತಿಯಿಂದ ಹೋದೆ ಎಂದರೆ ಅತ್ತೆಯೇ ನಗುತ್ತಾರೆ. ಕೊಯ್ಲಿನ ಊಟವೆಲ್ಲ ನನ್ನ ತಲೆಗೆ ಬರುವುದು ಬೇಡವೆಂಬುದೂ ಅಷ್ಟೇ ನಿಜ.

ಯಾರ್ಕ್‌ಟನ್ ದಾಟಿ ಉತ್ತರಕ್ಕೆ ಹೋದರೆ ಪಾಪ್ಲರ್ ಮರಗಳ ನಡುವೆ ಸತ್ತ ಗಾಡಿಗಳ ಒಂದು ದೊಡ್ಡ ಅಂಗಳವಿದೆ. ಇರ್ಮಾ ಎಂಬಾಕೆ ಅದನ್ನು ನಡೆಸುತ್ತಾಳೆ. ಫೋನು ಎತ್ತುವವಳಲ್ಲ, ಅದಕ್ಕೇ ಲರಿಸ್ಸಾಗೆ ಸಿಕ್ಕಿರಲಿಲ್ಲ. ನಾನು ಹೋದಾಗ ಆಕೆ ಒಂದು ಬಸ್ಸಿನ ಮೇಲೆ ಕೂತು ಸೇಬು ತಿನ್ನುತ್ತಿದ್ದಳು. ಇಳಿದು ಬಂದು ನನ್ನ ತುಂಡನ್ನು ತೆಗೆದುಕೊಂಡು ಹೆಬ್ಬೆರಳಿನಿಂದ ಉಜ್ಜಿದಳು.

"ಇದನ್ನ ಯಾರೋ ಬಗ್ಸಿದಾರೆ ಕಣಮ್ಮ," ಎಂದಳು.

"ಮರ್ಕ್ಯುರಿದು ಹಾಗೇ ಇರತ್ತೆ ಅಂತ ನಮ್ಮೆಜಮಾನ್ರು—"

"ಮುಂದಿನ ಹೆಸರಿನ ತಗಡು ಬೇರೆ, ಅಷ್ಟೆ. ಒಳಗೆಲ್ಲ ಫೋರ್ಡೇ. ಇಲ್ನೋಡು, ಬಾಗಿರೋ ಕಡೆ ಹೊಳಪು ಹೋಗಿ ಗುಳ್ಳೆ ಎದ್ದಿದೆ. ಬೆಂಕಿ ತೋರ್ಸಿದಾರೆ. ಇಂಥದ್ದೇ ಬೇಕು ಅಂತ ಹುಡುಕ್ತಾ ಹೋದ್ರೆ ನಿನ್ನ ಮೊಮ್ಮಕ್ಕಳೂ ಹುಡುಕ್ತಿರ್ತಾರೆ."

ಹುಲ್ಲಿನಲ್ಲಿ ಮುಳುಗಿದ್ದ ಒಂದು ಅರವತ್ತಾರರ ಟ್ರಕ್ಕಿನ ಹತ್ತಿರ ಕರೆದುಕೊಂಡು ಹೋಗಿ ಬಾಗಿಲು ತೆಗೆದು ನನ್ನನ್ನು ಒಳಗೆ ಕೂರಿಸಿದಳು. ಕೋಲು ನೆಟ್ಟಗಿತ್ತು. "ಎರಡಕ್ಕೆ ಹಾಕು," ಎಂದಳು. ಆಚೆ ತಳ್ಳಿ ಮೇಲಕ್ಕೆತ್ತಿದೆ. ನನ್ನ ಕೈ ಭುಜದ ಮಟ್ಟಕ್ಕೆ ಬಂತು. ನಾನು ಅತ್ತೆಗಿಂತ ಒಂದು ಗೇಣು ಎತ್ತರ. ಅವರಿಗಾದರೆ ಅದು ಕಿವಿಯ ಹತ್ತಿರ ಬರಬೇಕು. ಆಮೇಲೆ ಇರ್ಮಾ ನಮ್ಮ ತುಂಡನ್ನು ಅದೇ ಜಾಗಕ್ಕೆ ಹಿಡಿದು ತೋರಿಸಿದಳು. ಅದರ ತುದಿ ನನ್ನ ಪಕ್ಕೆಲುಬಿನ ಹತ್ತಿರ ನಿಂತಿತು.

"ಕೈ ಮೇಲಕ್ಕೆ ಎತ್ತೋಕಾಗದೋರು ಯಾರೋ ಮಾಡ್ಕೊಂಡಿದಾರೆ," ಎಂದಳು ಇರ್ಮಾ. "ನಲವತ್ತು ಡಾಲರು. ಬಿಚ್ಚಿಕೊಡಲಾ?"

ಕೋಲು ಕೊಂಡು ವಾಪಸು ಬರುವ ದಾರಿಯುದ್ದಕ್ಕೂ ನನ್ನ ಕಣ್ಣ ಮುಂದೆ ಮನೆಯೇ ಬರುತ್ತಿತ್ತು. ಅಡುಗೆಮನೆಯ ಜಾಡಿಗಳೆಲ್ಲ ಸೊಂಟದ ಮಟ್ಟದ ಹಲಗೆಗಳ ಮೇಲೆ. ಮೇಲಿನ ಕಪಾಟುಗಳಲ್ಲಿ ನನ್ನ ಸಾಮಾನು ಮಾತ್ರ. ಬಟ್ಟೆಯ ಹಗ್ಗವನ್ನು ಕವೆಗೋಲಿನಿಂದ ಇಳಿಸಿ, ಬಟ್ಟೆ ಹಾಕಿ, ಮತ್ತೆ ಏರಿಸುವುದು. ಅದಕ್ಕಿಂತ ಹೆಚ್ಚಾಗಿ ಚರ್ಚು. ನಾನು ಸ್ಕಾಟ್ ಮೂಲದವರ ಮನೆಯವಳು, ನಮ್ಮಲ್ಲಿ ಶಿಲುಬೆಯ ಗುರುತು ಹಾಕಿಕೊಳ್ಳುವ ಪದ್ಧತಿಯಿಲ್ಲ. ಮದುವೆಯಾಗಿ ಬಂದ ಮೇಲೆ ಅತ್ತೆಯನ್ನು ನೋಡಿ ಕಲಿತೆ. ಬಲಗೈಯ ಬೆರಳುಗಳನ್ನು ಹಣೆಗೆ ಒಯ್ಯಬೇಕು. ಅತ್ತೆ ಕೈಯನ್ನು ಎದೆಯ ಹತ್ತಿರ ಹಿಡಿದು, ತಲೆಯನ್ನು ಪೂರ್ತಿ ಬಗ್ಗಿಸಿ ಹಣೆಯನ್ನೇ ಬೆರಳಿಗೆ ತರುತ್ತಿದ್ದರು. ಎಂಥ ವಿನಯ ಎಂದು ಪಾದ್ರಿಗಳು ಒಮ್ಮೆ ಎಲ್ಲರೆದುರು ಹೊಗಳಿದ್ದರು. ನಾನೂ ಹಾಗೇ ಬಗ್ಗುತ್ತೇನೆ, ನನ್ನನ್ನು ನೋಡಿ ಲರಿಸ್ಸಾಳೂ ಬಗ್ಗುತ್ತಾಳೆ. ಇಪ್ಪತ್ತನಾಲ್ಕು ವರ್ಷ ಒಂದೇ ಒಲೆಯ ಮುಂದೆ ನಿಂತವಳಿಗೆ ಸುಳಿವು ಕೊಟ್ಟಿರಲಿಲ್ಲವಲ್ಲ ಎಂದು ನನಗೆ ಮೊದಲು ಸಿಟ್ಟು ಬಂತು. ಊರು ಹತ್ತಿರ ಬರುವ ಹೊತ್ತಿಗೆ ಸಿಟ್ಟೆಲ್ಲ ಹೋಗಿ, ಎಂಥ ಗಟ್ಟಿಗಿತ್ತಿ ಈ ಹೆಂಗಸು ಅನ್ನಿಸಿ ಕಣ್ಣು ಮಂಜಾಯಿತು.

ಅತ್ತೆ ಕಡುಬು ಮಡಿಸುತ್ತಿದ್ದರು. ಬಲಗೈ ಹಿಟ್ಟನ್ನು ಹಿಡಿದಿತ್ತು, ಎಡಗೈ ಅಂಚು ಚಿವುಟುತ್ತಿತ್ತು. ನಾನು ನೆಟ್ಟಗಿನ ಕೋಲನ್ನು ಹಿಟ್ಟಿನ ಹಲಗೆಯ ಮೇಲೆ ಇಟ್ಟೆ.

"ಇದೂ ಅಲ್ಲ," ಎಂದರು ನೋಡದೆಯೇ.

"ಇದೇ ಅತ್ತೆ. ಮೊದಲು ಬಂದ ಮೂರೂ ಇದೇ."

ಅವರ ಬೆರಳು ನಿಂತಿತು. ಆಮೇಲೆ ಮತ್ತೆ ಚಿವುಟತೊಡಗಿತು. "ನೆಸ್ಟರ್ ಎಲ್ಲಿ?"

"ಕಂಬೈನಿನ ಕೆಳಗೆ ಮಲಗಿದ್ದಾರೆ. ಯಾವಾಗ ಬಗ್ಸಿದ್ರಿ?"

"ಅವನು ಇನ್ನೂ ತೊಟ್ಟಿಲಲ್ಲಿದ್ದ," ಎಂದರು. "ಹುಲ್ಲಿನ ಬಣವೆ ಮೇಲಿಂದ ಬಿದ್ದೆ. ಭುಜ ಕಟ್ ಅಂತು. ಕೊಯ್ಲು ಮುಗೀಲಿ, ಡಾಕ್ಟರ ಹತ್ರ ಹೋಗೋಣ ಅಂದ್ಕೊಂಡೆ. ಮುಗಿಯೋಷ್ಟರಲ್ಲಿ ಅದು ಹೇಗೆ ಬೇಕೋ ಹಾಗೆ ಕೂಡಿಕೊಂಡಿತ್ತು."

"ಯಾರಿಗೂ ಹೇಳಲಿಲ್ವಾ?"

"ನಮ್ಮತ್ತೆ ಹೇಗೆ ಅಂತ ನಿನಗೇನು ಗೊತ್ತು. ಅದಕ್ಕೆ ಹಿಂದಿನ ವರ್ಷ ಕೆಲಸದ ಹುಡುಗಿ ಮಣಿಕಟ್ಟು ಮುರ್ಕೊಂಡ್ಲು. ಮಾರನೇ ದಿನ ಅವಳನ್ನ ಗಾಡಿ ಹತ್ತಿಸಿ ಮನೆಗೆ ಕಳಿಸಿದ್ರು. ನನ್ನನ್ನ ಮನೆಗೆ ಕಳಿಸೋಕಾಗಲ್ಲ, ಸೊಸೆ. ಮೂಲೆಯಲ್ಲಿ ಕೂರಿಸ್ತಿದ್ರು. ನನಗೆ ಕೂರೋಕೆ ಬರಲ್ಲ."

"ಮಾವನಿಗೆ?"

"ಅವರು ಗೋದಾಮಿಗೆ ಗೋಧಿ ಹಾಕೋಕೆ ಹೋಗಿದ್ರು. ಕುಲುಮೆಯಲ್ಲಿ ಕೆಂಡ ಮಾಡ್ದೆ, ಕೋಲು ಬಿಚ್ಚಿ ಬಗ್ಸಿದೆ, ತಿರುಗಿ ಹಾಕ್ದೆ. ಸಂಜೆ ಅವರು ಟ್ರಕ್ಕು ಹತ್ತಿದ್ರು. ಒಂದು ನಿಮಿಷ ಹಾಗೇ ಕೂತಿದ್ದು ಇಳಿದು ಬಂದ್ರು. ಏನೂ ಕೇಳಲಿಲ್ಲ. ಇನ್ಮೇಲೆ ಈ ಟ್ರಕ್ಕು ನಿನ್ನದು ಅಂದ್ರು. ಅವತ್ತಿಂದ ಅದನ್ನ ಅವರು ಮುಟ್ಟಲಿಲ್ಲ."

ನಾನು ಕುರ್ಚಿ ಎಳೆದು ಕೂತೆ. "ಮೂರು ಕೋಲು ವಾಪಸ್ಸು ಹೋದವಲ್ಲ ಅತ್ತೆ. ಆಗಲಾದ್ರೂ ಬಾಯಿ ಬಿಡಬಾರದಿತ್ತಾ?"

"ಬಿಟ್ಟಿದ್ರೆ ಅವನು ಕೇಳೋ ಮೊದಲ ಮಾತೇನು? ಯಾಕೆ ಬಗ್ಸಿದೆ ಅಂತ. ಆಮೇಲೆ ಬೀಗದ ಕೈ ಯಾರ ಜೇಬಲ್ಲಿರತ್ತೆ?"

"ಕೋಲು ಸಿಗದಿದ್ರೂ ಅವರ ಜೇಬಲ್ಲೇ."

"ಹೌದು," ಎಂದರು ಅತ್ತೆ. "ದಿನಾ ಅದನ್ನೇ ಯೋಚಿಸ್ತಿದ್ದೆ. ಎರಡೂ ಕಡೆ ಬಾಗಿಲು ಹಾಕಿತ್ತು." ಒಂದು ಕಡುಬು ಮುಗಿಸಿ ತಟ್ಟೆಗಿಟ್ಟರು. "ನೀನು ಅವನಿಗೆ ಹೇಳ್ತೀಯಾ?"

"ಹೇಳಿದ್ರೆ ನನ್ನ ಕಾರಲ್ಲಿ ಸಾರು ಒಯ್ಯೋ ಕರ್ಮ ನನಗೇ ಬರತ್ತೆ. ನಾನ್ಯಾಕೆ ಹೇಳ್ಲಿ?"

ಅತ್ತೆ ಆಗ ನಕ್ಕರು. ಆ ಬೇಸಿಗೆಯಲ್ಲಿ ಅವರು ನಕ್ಕಿದ್ದು ಅದೇ ಮೊದಲು.

ಮರುದಿನ ನೆಸ್ಟರ್ ಬೆಲ್ಟು ತರಲು ಊರಿಗೆ ಹೋದ. ಲರಿಸ್ಸಾ ಕೆಲಸಕ್ಕೆ ಹೋಗಿದ್ದಳು. ರಿಪೇರಿ ಶೆಡ್ಡಿನಲ್ಲಿದ್ದ ಕುಲುಮೆ ಎಂದೋ ಹೋಗಿ ಅದರ ಜಾಗದಲ್ಲಿ ಗ್ಯಾಸಿನ ಬೆಸುಗೆ ದೀಪ ಬಂದಿತ್ತು. ಅತ್ತೆ ಅದನ್ನು ಎಡಗೈಯಲ್ಲಿ ಹಿಡಿದು ಹೊತ್ತಿಸಿದ ರೀತಿ ನೋಡಿದರೆ ಅಪರೂಪಕ್ಕೆ ಮುಟ್ಟಿದವರ ಹಾಗಿರಲಿಲ್ಲ. ಕೋಲನ್ನು ಮೇಜಿನ ಕಬ್ಬಿಣದ ಹಿಡಿಕಟ್ಟಿನಲ್ಲಿ ಬಿಗಿದು, ತುದಿಗೆ ಒಂದು ಕೊಳವೆ ತೊಡಿಸಿ, ಅದನ್ನು ನನ್ನ ಕೈಗೆ ಕೊಟ್ಟರು. ಕಬ್ಬಿಣ ಕೆಂಪಾಗಿ ಕಿತ್ತಳೆಗೆ ತಿರುಗಿತು.

"ಈಗ ಒತ್ತು. ನಿಧಾನಕ್ಕೆ. ಜಗ್ಗಬೇಡ, ಮಗೂನ ಮಲಗಿಸೋ ಹಾಗೆ ಒತ್ತು."

ಒತ್ತಿದೆ. ಕೋಲು ಬಗ್ಗಿತು. ನನಗೆ ನಾನೇ ದೊಡ್ಡ ಕಮ್ಮಾರಳಂತೆ ಕಂಡೆ.

"ಇನ್ನೂ ಬೇಕು," ಎಂದರು ಅತ್ತೆ. "ಆವಾಗ ಮೂವತ್ತೊಂದು ವಯಸ್ಸು. ಈಗ ಕೈ ಇನ್ನೊಂದು ಬೆರಳಷ್ಟು ಕೆಳಗೆ ಬಂದಿದೆ."

ಇನ್ನೊಂದು ಬೆರಳಷ್ಟು ಬಗ್ಗಿಸಿದೆವು. ತಣ್ಣಗಾದ ಮೇಲೆ ಅತ್ತೆ ಕಪ್ಪು ಬಣ್ಣ ಹಚ್ಚಿದರು. ಕಂಬದ ಕೊರಳಿಗೆ ಕೂರಿಸಿ ನಾನು ಸುತ್ತಿಗೆಯಿಂದ ಪಿನ್ನು ಹೊಡೆದೆ. ಅತ್ತೆ ಕಂಬಳಿಯ ಮೇಲೆ ಕೂತು ಒಂದು, ಎರಡು, ಮೂರು ಹಾಕಿದರು. ಎರಡಕ್ಕೆ ಕೈ ಸಲೀಸಾಗಿ ಹೋಗಿ ಕೂತಿತು. ಕೋಳಿಗೂಡು ದಾಟಿ ಬೇಲಿಯವರೆಗೂ ಹೋಗಿ ಬಂದರು, ಮೂರನೇ ಗೇರಿನಲ್ಲಿ.

ಸಂಜೆ ನೆಸ್ಟರ್‌ಗೆ ಕೋಲು ಸಿಕ್ಕಿತೆಂದಷ್ಟೇ ಹೇಳಿದೆ. "ಎಲ್ಲಿ?" ಅಂದ. "ಇರ್ಮಾಳ ಅಂಗಳದಲ್ಲಿ," ಅಂದೆ. "ನಾನು ಹೇಳಲಿಲ್ವಾ, ಮರ್ಕ್ಯುರಿದು ಸಿಕ್ಕೇ ಸಿಗತ್ತೆ ಅಂತ," ಎಂದು ಮಗಳ ಕಡೆ ನೋಡಿ ಮೀಸೆ ತಿರುವಿದ. ನಾನು ತುಟಿ ಕಚ್ಚಿಕೊಂಡು ತಟ್ಟೆ ತೊಳೆದೆ.

ಎರಡು ದಿನ ಬಿಟ್ಟು ಕಂಬೈನುಗಳು ಬಾರ್ಲಿಗೆ ಇಳಿದವು. ಲರಿಸ್ಸಾ ರಜೆ ಹಾಕಿ ಒಂದನ್ನು ಓಡಿಸುತ್ತಿದ್ದಳು. ಮಧ್ಯಾಹ್ನ ಅತ್ತೆಯ ಪಕ್ಕದಲ್ಲಿ ತಪ್ಪಲೆಗಳನ್ನು ಕಾಲಿನ ನಡುವೆ ಹಿಡಿದು ನಾನು ಕೂತೆ. ಹಸಿರು ಟ್ರಕ್ಕು ಕೊಯ್ದ ಸಾಲುಗಳ ಮೇಲೆ ಕುಣಿಯುತ್ತ ಹೋಯಿತು. ದೂರದಲ್ಲಿ ನಮ್ಮನ್ನು ಕಂಡು ಕೆಲಸದವರಿಬ್ಬರು ಟೋಪಿ ಎತ್ತಿ ಬೀಸಿದರು. ಹಿಂದಿನ ಹಲಗೆ ಇಳಿಸಿ, ಮೇಜುಬಟ್ಟೆ ಹಾಸಿ, ಅತ್ತೆ ಎಲೆಕೋಸಿನ ಸುರುಳಿಯ ಮುಚ್ಚಳ ತೆಗೆದರು. ಆವಿ ಎದ್ದಿತು.

ನೆಸ್ಟರ್ ಧೂಳು ಕೊಡವಿಕೊಂಡು ಬಂದವನು ನೇರ ಊಟಕ್ಕೆ ಬರಲಿಲ್ಲ. ಹೊಸ ಕೋಲನ್ನು ನೋಡಬೇಕೆಂದು ಬಾಗಿಲು ತೆಗೆದು ಒಳಗೆ ಬಗ್ಗಿದ. ಬಾಗಿನ ಮೇಲೆ ಬೆರಳ ತುದಿ ಆಡಿಸಿದ. ಬೆರಳಿಗೆ ಇನ್ನೂ ಪೂರ್ತಿ ಆರದ ಕಪ್ಪು ಬಣ್ಣ ಅಂಟಿತು. ಅದನ್ನು ಮೂಸಿ ನೋಡಿದ. ಮತ್ತೆ ಬಗ್ಗಿ ಬಹಳ ಹೊತ್ತು ನೋಡಿದ. ರಿಪೇರಿ ಮಾಡುತ್ತ ಬೆಳೆದವನಿಗೆ ಬೆಂಕಿ ಕಂಡ ಕಬ್ಬಿಣ ಗೊತ್ತಾಗದೆ ಇರುತ್ತದೆಯೇ.

"ಮೇವಿಸ್," ಎಂದು ನನ್ನನ್ನು ಕರೆದ. "ಇದು ಹೀಗೇ ಇತ್ತಾ?"

ನಾನು ಸುಳ್ಳಿಗೆ ಬಾಯಿ ತೆರೆದಿದ್ದೆ. ಅತ್ತೆ ಸೌಟನ್ನು ತಪ್ಪಲೆಯ ಅಂಚಿಗೆ ಬಡಿದರು.

"ಅವಳನ್ನ ಕೇಳಬೇಡ. ನಾನು ಬಗ್ಸಿದ್ದು. ಮೊದಲಿನದನ್ನೂ ನಾನೇ ಬಗ್ಸಿದ್ದು."

ಲರಿಸ್ಸಾ ತಟ್ಟೆ ಹಿಡಿದವಳು ಹಾಗೇ ನಿಂತಳು. ನೆಸ್ಟರ್ ಅಮ್ಮನನ್ನು ನೋಡಿದ, ಕೋಲನ್ನು ನೋಡಿದ, ಮತ್ತೆ ಅಮ್ಮನನ್ನು ನೋಡಿದ. ಅವನ ಮುಖದಲ್ಲಿ ಒಂದೊಂದೇ ವಿಷಯ ಹೊಂದಿಕೊಳ್ಳುತ್ತಿರುವುದು ನನಗೆ ಕಾಣುತ್ತಿತ್ತು.

"ಬಲಗೈ ಎತ್ತು ಅಮ್ಮ," ಎಂದ ಮೆಲ್ಲಗೆ.

ಅತ್ತೆ ಎತ್ತಿದರು. ಕೈ ಎದೆಯವರೆಗೆ ಬಂದು ನಿಂತಿತು. ಅಲ್ಲಿಂದ ಮೇಲೆ ಹೋಗಲಿಲ್ಲ. ಅವರು ಅದನ್ನು ಹಾಗೇ ಹಿಡಿದು, ಎಲ್ಲರಿಗೂ ಕಾಣುವಷ್ಟು ಹೊತ್ತು ನಿಂತರು.

"ಇಷ್ಟೇ," ಎಂದರು. "ನೀನು ತೊಟ್ಟಿಲಲ್ಲಿದ್ದಾಗಿನಿಂದ ಇಷ್ಟೇ. ನಿನ್ನನ್ನ ಸ್ಕೂಲಿಗೆ ಬಿಟ್ಟಿದ್ದು ಈ ಕೈ. ನಿಮ್ಮಪ್ಪನ್ನ ಹಿಮದ ಬಿರುಗಾಳಿಯಲ್ಲಿ ಆಸ್ಪತ್ರೆಗೆ ಮುಟ್ಟಿಸಿದ್ದು ಈ ಕೈ. ನಿನಗೆ ಇಷ್ಟು ಸಾಲದು ಅನ್ನಿಸಿದ್ರೆ ತಗೋ."

ಏಪ್ರನ್ನಿನ ಜೇಬಿನಿಂದ ಬೀಗದ ಕೈ ತೆಗೆದು ಮೇಜುಬಟ್ಟೆಯ ಮೇಲೆ, ಸುರುಳಿಯ ತಪ್ಪಲೆಯ ಪಕ್ಕದಲ್ಲಿ ಇಟ್ಟರು.

ಕೆಲಸದವರಿಬ್ಬರು ಬೂಟು ನೋಡಿಕೊಳ್ಳುತ್ತಿದ್ದರು. ನೆಸ್ಟರ್ ಬೀಗದ ಕೈ ಎತ್ತಿಕೊಂಡ. ಅವನು ಟ್ರಕ್ಕಿನ ಸುತ್ತ ನಡೆದುಹೋಗಿ, ಚಾಲಕನ ಬಾಗಿಲಿನಿಂದ ಒಳಗೆ ಕೈ ಹಾಕಿ, ಅದನ್ನು ಅದರ ತೂತಿಗೆ ಸಿಕ್ಕಿಸಿದ. ಕಂಬಳಿ ಜರುಗಿತ್ತು, ಅದನ್ನು ಮಡಿಸಿ ಸರಿಯಾಗಿ ಹಾಸಿದ. ವಾಪಸು ಬಂದು ತಟ್ಟೆ ತೆಗೆದುಕೊಂಡ.

"ಸಂಜೆಗೆ ಕೆರೆ ಪಕ್ಕದ ಹೊಲದಲ್ಲಿರ್ತೀವಿ," ಎಂದ. "ಕೆಳಗಿನ ದಾರಿ ಕೆಸರಾಗಿದೆ. ಊಟಾನ ಮೇಲಿನ ದಾರೀಲಿ ತಗೊಂಡ್ ಬಾ."

"ನನಗೆ ದಾರಿ ಹೇಳ್ಕೊಡ್ಬೇಡ," ಎಂದರು ಅತ್ತೆ. "ತಟ್ಟೆ ಇತ್ತ ಹಿಡಿ."